ಮೂವತ್ತರಲ್ಲಿ ಕರುಳಿನ ಕ್ಯಾನ್ಸರ್: ಗುಣವಾದ ಮೇಲಿನ ನಲವತ್ತು ವರ್ಷ ಯಾರ ಹೊಣೆ?

ಮಲದಲ್ಲಿ ರಕ್ತ ಹೋಯಿತು ಎಂದರೆ ನಮ್ಮ ಕಡೆ ಸಿಗುವ ಮೊದಲ ಉತ್ತರ ‘ಉಷ್ಣ ಆಗಿರಬೇಕು’. ಎರಡನೆಯದು ‘ಮೂಲವ್ಯಾಧಿ ಇರಬಹುದು, ಅದು ಯಾರಿಗಿಲ್ಲ?’. ಪುನರ್ಪುಳಿ ಶರಬತ್ತು, ಎಳನೀರು, ಮೆಂತೆ ಹಾಕಿದ ಮಜ್ಜಿಗೆ ಒಂದರ ಹಿಂದೊಂದು ಬರುತ್ತವೆ. ಹದಿನೈದು ದಿನ ರಕ್ತ ನಿಂತರೆ ಮದ್ದು ಹಿಡಿಯಿತು ಎಂದು ಮನೆಯವರಿಗೆಲ್ಲ ಸಮಾಧಾನ. ಮತ್ತೆ ಶುರುವಾದರೆ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಎಂದು ಬೋರ್ಡು ಹಾಕಿದವರು ಪೇಟೆಯಲ್ಲಿ ಇದ್ದೇ ಇದ್ದಾರೆ. ಇಪ್ಪತ್ತೆಂಟು, ಮೂವತ್ತರ ಪ್ರಾಯದಲ್ಲಿ ಹೀಗೆ ರಕ್ತ ಕಂಡವರಲ್ಲಿ ಹೆಚ್ಚಿನವರಿಗೆ ನಿಜಕ್ಕೂ ಮೂಲವ್ಯಾಧಿಯೋ ಗುದದ್ವಾರದ ಬಿರುಕೋ ಇರುತ್ತದೆ. ಉಳಿದ ಕೆಲವರ ಕ್ಯಾನ್ಸರ್ ಆ ಹೆಚ್ಚಿನವರ ಮರೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವಿಡೀ ಅಡಗಿ ಕೂರುತ್ತದೆ.

ಆ ಕೆಲವರ ಬಗ್ಗೆ ಬರೆಯುತ್ತಿದ್ದೇನೆ. ಎಳೆ ಪ್ರಾಯದ ಕರುಳಿನ ಕ್ಯಾನ್ಸರಿನಲ್ಲಿ ನಮ್ಮ ವ್ಯವಸ್ಥೆ ಎರಡು ಕಡೆ ಕೈಬಿಡುತ್ತದೆ: ರೋಗ ಪತ್ತೆಯಾಗುವ ಮೊದಲು ಒಮ್ಮೆ, ಚಿಕಿತ್ಸೆ ಮುಗಿದ ಮೇಲೆ ಇನ್ನೊಮ್ಮೆ. ನಡುವಿನ ಆಪರೇಷನ್, ಕೀಮೋ, ರೇಡಿಯೇಷನ್ನುಗಳನ್ನು ಮಂಗಳೂರು, ತಲಶ್ಶೇರಿಗಳ ಆಸ್ಪತ್ರೆಗಳು ಮಾಡಬಲ್ಲವು, ಮಾಡುತ್ತಿವೆ. ಕಾಸರಗೋಡಿನಂಥ ಗಡಿ ಜಿಲ್ಲೆಯಲ್ಲಿ ಮೊದಲಿನ ಮತ್ತು ಕೊನೆಯ ಭಾಗ ಎರಡೂ ಇನ್ನಷ್ಟು ಸಡಿಲ. ನನಗೆ ಹೆಚ್ಚು ಚಿಂತೆ ಕೊನೆಯದ್ದರ ಬಗ್ಗೆ. ಎಪ್ಪತ್ತರ ರೋಗಿ ಗುಣವಾದರೆ ಹತ್ತು ಹದಿನೈದು ವರ್ಷದ ಮಾತು. ಮೂವತ್ತರಲ್ಲಿ ಗುಣವಾದವರಿಗೆ ಮುಂದೆ ನಲವತ್ತು ವರ್ಷವಿದೆ. ಮದುವೆ, ಮಕ್ಕಳು, ಸಾಲ, ದುಡಿಮೆ ಎಲ್ಲ ಅದರೊಳಗೇ ಆಗಬೇಕು.

ಮೊದಲು ರೋಗದ ಗಾತ್ರ ತಿಳಿದಿರಲಿ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಜಗತ್ತಿನಲ್ಲಿ ಅತಿ ಹೆಚ್ಚು ಕಾಣಿಸುವ ಕ್ಯಾನ್ಸರುಗಳಲ್ಲಿ ಮೂರನೆಯದು, ಸಾವಿನ ಲೆಕ್ಕದಲ್ಲಿ ಎರಡನೆಯದು. 2022ರ ಅಂದಾಜಿನಲ್ಲಿ ಒಂದೇ ವರ್ಷ ಸುಮಾರು 19 ಲಕ್ಷ ಹೊಸ ರೋಗಿಗಳು, ಸುಮಾರು 9 ಲಕ್ಷ ಸಾವು. ಇದು ಹಿಂದಿನಿಂದಲೂ ವಯಸ್ಸಾದವರ ಕಾಯಿಲೆ ಎನಿಸಿಕೊಂಡು ಬಂದದ್ದು. ಆದರೆ ಅಮೆರಿಕದಲ್ಲಿ 1990ರ ಆಸುಪಾಸಿನಲ್ಲಿ ಹುಟ್ಟಿದವರಿಗೆ, 1950ರ ಆಸುಪಾಸಿನಲ್ಲಿ ಹುಟ್ಟಿದವರು ಅದೇ ಪ್ರಾಯದಲ್ಲಿದ್ದಾಗ ಇದ್ದದ್ದಕ್ಕಿಂತ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಎರಡು ಪಟ್ಟು, ಗುದನಾಳದ್ದು ನಾಲ್ಕು ಪಟ್ಟು ಎಂದು 2017ರ ಅಧ್ಯಯನವೊಂದು ತೋರಿಸಿತು. ಐವತ್ತಕ್ಕೆ ಶುರು ಮಾಡುತ್ತಿದ್ದ ತಪಾಸಣೆಯನ್ನು ನಲವತ್ತೈದಕ್ಕೇ ಮಾಡಿ ಎಂದು ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2018ರಲ್ಲಿ ಹೇಳಿತು, ಅಲ್ಲಿನ ತಜ್ಞರ ಕಾರ್ಯಪಡೆ 2021ರಲ್ಲಿ ಅದನ್ನೇ ಒಪ್ಪಿತು. ಇವೆರಡರ ನಡುವೆ, 2020ರ ಆಗಸ್ಟಿನಲ್ಲಿ, ನಟ ಚಾಡ್ವಿಕ್ ಬೋಸ್‌ಮನ್ 43ರ ಪ್ರಾಯದಲ್ಲಿ ಇದೇ ರೋಗದಿಂದ ತೀರಿಕೊಂಡರು. ನಾಲ್ಕು ವರ್ಷದಿಂದ ಅವರಿಗೆ ಕಾಯಿಲೆ ಇತ್ತೆಂದು ಜಗತ್ತಿಗೆ ತಿಳಿದದ್ದು ಅವರು ಹೋದ ಮೇಲೆ.

ಭಾರತದ ಕಥೆ ಬೇರೆ. ನಮ್ಮಲ್ಲಿ ಒಟ್ಟು ಜನಸಂಖ್ಯೆಗೆ ಹೋಲಿಸಿದರೆ ಈ ಕ್ಯಾನ್ಸರ್ ಇವತ್ತಿಗೂ ಕಡಿಮೆ. ಆದರೆ ಆಸ್ಪತ್ರೆಗೆ ಬರುವವರಲ್ಲಿ ಎಳೆಯರ ಪಾಲು ದೊಡ್ಡದು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 800 ರೋಗಿಗಳ ವಿವರವನ್ನು 2017ರಲ್ಲಿ ಪ್ರಕಟಿಸಿದಾಗ ಅವರ ಸರಾಸರಿ ಪ್ರಾಯ 47 ಇತ್ತು. ಪಶ್ಚಿಮದ ದೇಶಗಳಲ್ಲಿ ಇದು ಅರವತ್ತರ ಮೇಲೆ. ಇದಕ್ಕೆ ಒಂದು ಕಾರಣ ನಮ್ಮದು ಎಳೆಯರ ದೇಶ ಎನ್ನುವುದು. ಇನ್ನೊಂದು, ನಮ್ಮ ಹಿರಿಯರಲ್ಲಿ ಈ ರೋಗ ಅಷ್ಟಾಗಿ ಇಲ್ಲದಿರುವುದು. ಹಾಗೆಂದು ‘ಅಂಕಿಅಂಶದ ಆಟ’ ಎಂದು ತಳ್ಳಿಹಾಕುವಂತಿಲ್ಲ. ನಮ್ಮ ಎಳೆಯ ರೋಗಿಗಳ ಗಡ್ಡೆಗಳಲ್ಲಿ ‘ಸಿಗ್ನೆಟ್ ರಿಂಗ್’ ಎಂಬ, ಬೇಗ ಹರಡುವ ಬಗೆ ಪಶ್ಚಿಮಕ್ಕಿಂತ ಹೆಚ್ಚು. ಗುದನಾಳದ ಗಡ್ಡೆಯ ಪಾಲೂ ದೊಡ್ಡದು.

ಬೇಗ ಸಿಕ್ಕಿದರೆ ಗುಣವಾಗುವ ಕ್ಯಾನ್ಸರ್ ಇದು. ಗಡ್ಡೆ ಕರುಳಿನ ಗೋಡೆಯೊಳಗೇ ಇರುವಾಗ ಸಿಕ್ಕಿದರೆ, ಅಮೆರಿಕದ ಲೆಕ್ಕದಲ್ಲಿ, ನೂರರಲ್ಲಿ ಸುಮಾರು ತೊಂಬತ್ತು ಮಂದಿ ಐದು ವರ್ಷ ದಾಟುತ್ತಾರೆ. ಯಕೃತ್ತು (ಲಿವರ್), ಶ್ವಾಸಕೋಶಕ್ಕೆ ಹರಡಿದ ಮೇಲೆ ಹದಿನೈದರ ಆಸುಪಾಸು. ಭಾರತದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ಸರಕಾರಿ ತಪಾಸಣಾ ಕಾರ್ಯಕ್ರಮವಿದೆ, ಕರುಳಿಗೆ ಇಲ್ಲ. ಇದ್ದಿದ್ದರೂ ಮೂವತ್ತರವರು ಅದರೊಳಗೆ ಬರುತ್ತಿರಲಿಲ್ಲ. ಹಾಗಾಗಿ ಎಳೆಯರಿಗೆ ಇರುವ ದಾರಿ ಒಂದೇ: ಲಕ್ಷಣ ಕಂಡಾಗ ಯಾರಾದರೂ ಅನುಮಾನ ಪಡಬೇಕು.

ಯಾವ ಲಕ್ಷಣ? 2023ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಐವತ್ತರೊಳಗಿನ ರೋಗಿಗಳ ದಾಖಲೆಗಳನ್ನು ತೆರೆದು ನೋಡಿದಾಗ ರೋಗ ಪತ್ತೆಯಾಗುವ ಎಷ್ಟೋ ತಿಂಗಳ ಮುಂಚೆಯೇ ನಾಲ್ಕು ಗುರುತುಗಳು ಎದ್ದು ಕಂಡವು: ಹೊಟ್ಟೆನೋವು, ಮಲದಲ್ಲಿ ರಕ್ತ, ನಿಲ್ಲದ ಭೇದಿ, ಕಬ್ಬಿಣಾಂಶದ ಕೊರತೆಯ ರಕ್ತಹೀನತೆ. ಕೊನೆಯದರ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ‘ಹೆಂಗಸರಿಗೆ ರಕ್ತ ಕಡಿಮೆ ಇರುವುದು ಮಾಮೂಲು’ ಎಂದು ನಾವು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸುತ್ತೇವೆ. ಮಾತ್ರೆ ತಿಂದರೂ ಹಿಮೋಗ್ಲೋಬಿನ್ ಏರದಿದ್ದರೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಮೂವತ್ತರ ಗಂಡಸಿನಲ್ಲಿ ಕಬ್ಬಿಣಾಂಶ ಇಳಿದಿದ್ದರೆ ಅದು ಯಾವತ್ತೂ ಮಾಮೂಲು ಅಲ್ಲ.

ಇಲ್ಲಿಯೇ ಗಲ್ಫಿನ ವಿಚಾರ ಬರುತ್ತದೆ. ಉಪ್ಪಳ, ಕುಂಬಳೆ, ಮೊಗ್ರಾಲ್, ಚೆರ್ಕಳದ ಎಷ್ಟು ಮನೆಗಳ ಹುಡುಗರು ದುಬೈ, ದೋಹಾ, ಕುವೈತ್‌ಗಳಲ್ಲಿದ್ದಾರೆಂದು ನಮಗೆಲ್ಲ ಗೊತ್ತು. ಅಲ್ಲಿ ರಕ್ತ ಕಂಡರೆ ರೂಮಿನವರಿಗೂ ಹೇಳುವುದಿಲ್ಲ. ಕಾಯಿಲೆ ಎಂದು ತಿಳಿದರೆ ಕೆಲಸ ಹೋಗಬಹುದು, ವೀಸಾ ನವೀಕರಣವಾಗದೆ ಹೋಗಬಹುದು ಎಂಬ ಭಯ. ‘ಊರಿಗೆ ಹೋದಾಗ ತೋರಿಸಿದರಾಯಿತು.’ ರಜೆ ಸಿಗುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಬಂದ ಮೂವತ್ತು ದಿನಗಳಲ್ಲಿ ತಂಗಿಯ ಮದುವೆ, ಮನೆಯ ಸ್ಲ್ಯಾಬ್, ನೆಂಟರ ಮನೆ. ಹಿಂದಿನ ದಿನದಿಂದ ಪಥ್ಯ ಮಾಡಿ, ಲೀಟರುಗಟ್ಟಲೆ ಔಷಧದ ನೀರು ಕುಡಿದು ಹೊಟ್ಟೆ ಖಾಲಿ ಮಾಡಬೇಕಾದ ಕೊಲೊನೊಸ್ಕೋಪಿಗೆ (ಕರುಳಿನೊಳಗೆ ಕ್ಯಾಮೆರಾ ಹಾಯಿಸಿ ನೋಡುವ ಪರೀಕ್ಷೆಗೆ) ಅದರಲ್ಲಿ ಜಾಗವೆಲ್ಲಿ? ಹೀಗೆ ಒಂದು ರಜೆ ತಪ್ಪಿದರೆ ಗಡ್ಡೆಗೆ ಇನ್ನೊಂದು ವರ್ಷ ಸಿಕ್ಕಿದಂತೆ.

ದೊಡ್ಡ ಯಂತ್ರಗಳಿಲ್ಲದೆಯೂ ಈ ವಿಳಂಬವನ್ನು ಕಡಿಮೆ ಮಾಡಬಹುದು. ಗುದನಾಳದ ಕೆಳಭಾಗದ ಗಡ್ಡೆ ವೈದ್ಯರ ಬೆರಳಿಗೇ ಸಿಗುತ್ತದೆ. ಕೈಗವಸು ಹಾಕಿ ಎರಡು ನಿಮಿಷದ ಪರೀಕ್ಷೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ನಡೆಯದಿರಲು ಕಾರಣ ರೋಗಿಯ ನಾಚಿಕೆ, ವೈದ್ಯರ ಮುಜುಗರ, ಹೊರಗೆ ನಿಂತ ನಲವತ್ತು ಮಂದಿಯ ಸಾಲು. ಎರಡನೆಯದು ಫಿಟ್ ಪರೀಕ್ಷೆ: ಮಲದ ಸಣ್ಣ ಮಾದರಿಯಲ್ಲಿ ಕಣ್ಣಿಗೆ ಕಾಣದ ಮಾನವ ರಕ್ತವನ್ನು ಹುಡುಕುವುದು. ಬ್ರಿಟನ್ನಿನಲ್ಲಿ 2023ರಿಂದ ಲಕ್ಷಣವಿರುವವರಿಗೆ ಇದನ್ನೇ ಮೊದಲು ಮಾಡಿ, ಒಂದು ಗ್ರಾಂ ಮಲದಲ್ಲಿ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಹಿಮೋಗ್ಲೋಬಿನ್ ಕಂಡವರನ್ನು ಮುಂದಿನ ತನಿಖೆಗೆ ಕಳಿಸಲು ಸೂಚನೆಯಿದೆ. ಕೇರಳ 2025ರ ಫೆಬ್ರವರಿ 4ರಂದು ‘ಆರೋಗ್ಯಂ ಆನಂದಂ, ಅಗಟ್ಟಾಂ ಅರ್ಬುದಂ’ ಅಭಿಯಾನ ಶುರು ಮಾಡಿ ಹೆಂಗಸರ ಕ್ಯಾನ್ಸರ್ ತಪಾಸಣೆಯನ್ನು ಹಳ್ಳಿಹಳ್ಳಿಗೆ ಒಯ್ದಿತು. ಅದೇ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಫಿಟ್ ಕಿಟ್ಟನ್ನೂ ಕೊಡಬಹುದು.

ಎಂಡೋಸಲ್ಫಾನ್, ಮತ್ತು ಉಳಿದ ಕಾರಣಗಳು

ಕಾಸರಗೋಡಿನಲ್ಲಿ ಕ್ಯಾನ್ಸರ್ ಎಂದ ಕೂಡಲೇ ಎಂಡೋಸಲ್ಫಾನ್ ಮಾತು ಬರುವುದು ಸಹಜ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೆ ಸುರಿದ ವಿಷದ ಪರಿಣಾಮವನ್ನು ಎಣ್ಮಕಜೆ, ಪಡ್ರೆಯ ಮನೆಗಳು ಇವತ್ತಿಗೂ ಹೊತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಆ ಅನ್ಯಾಯದ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ಆದರೆ ಎಳೆಯರ ಕರುಳಿನ ಕ್ಯಾನ್ಸರ್ ಏರುತ್ತಿರುವುದು ಎಂಡೋಸಲ್ಫಾನ್ ಕಾಣದ ಊರುಗಳಲ್ಲಿ ಕೂಡ. ‘ಇದೆಲ್ಲ ಆ ಮದ್ದಿನಿಂದ’ ಎಂದು ಮುಗಿಸಿಬಿಟ್ಟರೆ ಸ್ಪ್ರೇ ಬೀಳದ ಮಂಜೇಶ್ವರದ ಹುಡುಗ ತನಗೆ ಬರುವುದಿಲ್ಲವೆಂದು ಸುಮ್ಮನಿರುತ್ತಾನೆ, ಸ್ಪ್ರೇ ಬಿದ್ದ ಊರಿನವಳು ಬರುವುದು ಬಂದೇ ಬರುತ್ತದೆಂದು ಕೈಚೆಲ್ಲುತ್ತಾಳೆ. ಇಬ್ಬರಿಗೂ ಬೇಕಾದದ್ದು ಅದೇ ಕೊಲೊನೊಸ್ಕೋಪಿ.

ವಿಜ್ಞಾನ ಈಗ ಹಲವು ಕಡೆ ಬೆರಳು ತೋರಿಸುತ್ತಿದೆ: ಬೊಜ್ಜು, ಕೂತಲ್ಲೇ ಕೆಲಸ, ಸಿಹಿ ಪಾನೀಯ, ಕಾರ್ಖಾನೆಯಲ್ಲಿ ತಯಾರಾಗುವ ತಿನಿಸು, ಬಾಲ್ಯದಲ್ಲಿ ತಿಂದ ಆಂಟಿಬಯಾಟಿಕ್. ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಘೋಷಿಸಿದೆ. ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18ರಷ್ಟು ಏರುತ್ತದೆ ಎಂಬುದು ಅದರ ಲೆಕ್ಕ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 2025ರ ಏಪ್ರಿಲಿನಲ್ಲಿ ಬಂದ ಒಂದು ಸಂಶೋಧನೆ. 11 ದೇಶಗಳ 981 ರೋಗಿಗಳ ಗಡ್ಡೆಗಳ ಡಿಎನ್ಎ ಓದಿದಾಗ, ಕರುಳಿನ ಕೆಲವು ಇ-ಕೋಲೈ ಬ್ಯಾಕ್ಟೀರಿಯಾ ಸ್ರವಿಸುವ ಕೋಲಿಬ್ಯಾಕ್ಟಿನ್ ಎಂಬ ವಿಷದ ಗುರುತು ನಲವತ್ತರೊಳಗಿನವರಲ್ಲಿ, ಎಪ್ಪತ್ತು ದಾಟಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಕಂಡಿತು. ಆ ಗಾಯ ಆದದ್ದು ಬಾಲ್ಯದಲ್ಲಿ ಇರಬಹುದು ಎಂದು ಸಂಶೋಧಕರು ಹೇಳುತ್ತಾರೆ. ಇದರಲ್ಲಿ ರೋಗಿಗೊಂದು ಸಮಾಧಾನವೂ ಇದೆ. ‘ನೀನು ತಿಂದ ಪೊರೋಟದಿಂದ ಬಂತು’ ಎಂದು ಆಸ್ಪತ್ರೆಯ ಮಂಚದ ಬಳಿ ನಿಂತು ಹೇಳುವ ನೆಂಟರಿಗೆ ಯಾವ ಆಧಾರವೂ ಇಲ್ಲ.

ಇನ್ನು ಕೆಲವರಿಗೆ ರೋಗ ವಂಶದಿಂದ ಬರುತ್ತದೆ. ಇಂಥ ವಂಶವಾಹಿ ದೋಷಗಳಲ್ಲಿ ಲಿಂಚ್ ಸಿಂಡ್ರೋಮ್, ಎಫ್ಎಪಿ ಮುಖ್ಯವಾದವು. ಎಳೆ ಪ್ರಾಯದ ರೋಗಿಗಳಲ್ಲಿ ಐದಾರು ಮಂದಿಗೆ ಒಬ್ಬರಲ್ಲಿ ಇಂಥ ಜೀನ್ ದೋಷ ಇರುತ್ತದೆಂದು ವಿದೇಶದ ಅಧ್ಯಯನಗಳು ಹೇಳುತ್ತವೆ. ಬಯಾಪ್ಸಿಯ ತುಣುಕಿನ ಮೇಲೆಯೇ ಎಂಎಂಆರ್ ಪರೀಕ್ಷೆ (ಡಿಎನ್ಎಯ ತಪ್ಪು ತಿದ್ದುವ ಪ್ರೋಟೀನುಗಳು ಇವೆಯೇ ಎಂದು ನೋಡುವುದು) ಮಾಡಿಸಿದರೆ ಲಿಂಚ್‌ನ ಸುಳಿವು ಸಿಗುತ್ತದೆ. ಇದರಿಂದ ಚಿಕಿತ್ಸೆಯೂ ಬದಲಾಗುತ್ತದೆ. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಈ ಬಗೆಯ ಗುದನಾಳದ ಗಡ್ಡೆಯಿದ್ದ 12 ಮಂದಿಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯೇ ಗಡ್ಡೆಯ ಮೇಲೆ ಬೀಳುವಂತೆ ಮಾಡುವ ಮದ್ದು) ಮಾತ್ರ ಕೊಟ್ಟಾಗ ಹನ್ನೆರಡೂ ಮಂದಿಯ ಗಡ್ಡೆ ಪೂರ್ತಿ ಮಾಯವಾಯಿತು, ಆಪರೇಷನ್ ಬೇಕಾಗಲಿಲ್ಲ. ಔಷಧದ ಬೆಲೆ ನಮ್ಮ ಕೈಗೆ ಎಟಕುವುದಿಲ್ಲ, ನಿಜ. ಪರೀಕ್ಷೆ ಎಟಕುತ್ತದೆ. ವೈದ್ಯರು ಹೇಳದಿದ್ದರೂ ನೀವು ಕೇಳಿ.

ಕೀಮೋ ಮುಗಿಯಿತು, ಮುಂದೆ?

ಮಂಗಳೂರಿನ ವಾರ್ಡಿನಿಂದ ಡಿಸ್ಚಾರ್ಜ್ ಆಗಿ ಗಡಿಯ ತಲಪಾಡಿ ದಾಟಿದ ಮೇಲೆ ಶುರುವಾಗುವ ಬದುಕಿಗೆ ಯಾರೂ ತಯಾರು ಮಾಡಿ ಕಳಿಸುವುದಿಲ್ಲ. ಹೊಟ್ಟೆಯ ಮೇಲೆ ಅಂಟಿಸಿಕೊಳ್ಳುವ ಮಲದ ಚೀಲದಿಂದ ಶುರು ಮಾಡುತ್ತೇನೆ. ಗಡ್ಡೆ ಗುದದ್ವಾರಕ್ಕೆ ತೀರಾ ಹತ್ತಿರವಿದ್ದರೆ ದ್ವಾರವನ್ನೇ ಮುಚ್ಚಿ ಹೊಟ್ಟೆಯ ಮೇಲೆ ಶಾಶ್ವತವಾಗಿ ಸ್ಟೋಮಾ, ಅಂದರೆ ಮಲ ಹೊರಬರುವ ಬಾಯಿ, ಮಾಡುತ್ತಾರೆ. ಕೆಲವರಿಗೆ ಕರುಳಿನ ಹೊಲಿಗೆ ಒಣಗುವವರೆಗೆ ಕೆಲವು ತಿಂಗಳ ಮಟ್ಟಿಗೆ. ಕರುಳಿನ ತುದಿ ಹೊಟ್ಟೆಯ ಮೇಲೆ ಕೆಂಪಗೆ, ಒದ್ದೆಯಾಗಿ ಕಾಣುತ್ತದೆ. ಅದರ ಅಳತೆಗೆ ಸರಿಯಾಗಿ ಅಂಟುಪಟ್ಟಿಯಲ್ಲಿ ತೂತು ಕತ್ತರಿಸಬೇಕು. ತೂತು ದೊಡ್ಡದಾದರೆ ಮಲ ತಾಗಿ ಚರ್ಮ ಸುಡುತ್ತದೆ, ಸಣ್ಣದಾದರೆ ಕರುಳಿಗೆ ಗಾಯ. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿಯ ಬೆವರಿಗೆ ಅಂಟು ಹೇಳಿದಷ್ಟು ದಿನ ನಿಲ್ಲುವುದಿಲ್ಲ. ಒಂದು ಚೀಲಕ್ಕೆ ನೂರಾರು ರೂಪಾಯಿ. ಹಾಗಾಗಿ ಬಿಸಾಡಬೇಕಾದದ್ದನ್ನು ತೊಳೆದು ಒಣಗಿಸಿ ಮತ್ತೆ ಹಾಕುವವರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಸ್ಟೋಮಾ ಇಲ್ಲ.

ಸಣ್ಣ ಕರುಳಿನಿಂದ ಮಾಡಿದ ಸ್ಟೋಮಾ ಇದ್ದರೆ ನೀರು, ಉಪ್ಪು ಬೇಗ ಹೊರಗೆ ಹೋಗುತ್ತದೆ. ಉಪ್ಪು ಹಾಕಿದ ಗಂಜಿತಿಳಿ, ಓಆರ್‌ಎಸ್ ಆಗ ನಿಜವಾದ ಮದ್ದು. ಹಲಸಿನ ಹಣ್ಣು, ಕಾಯಿಚೂರು, ಅಣಬೆ ಮಾತ್ರ ಹುಷಾರು. ಸರಿಯಾಗಿ ಅಗಿಯದೆ ನುಂಗಿದರೆ ದಾರಿ ಕಟ್ಟಿಕೊಳ್ಳುತ್ತದೆ. ಭಾರ ಎತ್ತಿದರೆ ಸ್ಟೋಮಾದ ಪಕ್ಕ ಹರ್ನಿಯಾ ಬರಬಹುದು. ಅಡಿಕೆಗೊನೆ ಹೊರುವ, ಮರ ಹತ್ತುವ ಯುವಕನಿಗೆ ಇದರರ್ಥ ಕಸುಬು ಬದಲಾಯಿಸಬೇಕು ಎಂದು. ಇವಿಷ್ಟನ್ನೂ ಡಿಸ್ಚಾರ್ಜ್ ದಿನ ಐದು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ.

ದೇವಸ್ಥಾನಕ್ಕೆ ಹೋಗಬಹುದಾ, ನಮಾಜು ಕೂಡುತ್ತದಾ ಎಂಬ ಪ್ರಶ್ನೆ ಜೋರಾಗಿ ಕೇಳಿಸದಿದ್ದರೂ ಪ್ರತಿ ಮನೆಯಲ್ಲಿರುತ್ತದೆ. ತಡೆಯಲಾಗದ ಸ್ರಾವವಿರುವವರು ಪ್ರತಿ ನಮಾಜಿನ ಹೊತ್ತಿಗೆ ವುಜೂ (ಅಂಗಶುದ್ಧಿ) ಮಾಡಿ ಪ್ರಾರ್ಥಿಸಬಹುದು ಎಂದು ಇಸ್ಲಾಮಿಕ್ ಶಾಸ್ತ್ರದಲ್ಲಿ ಮೊದಲಿನಿಂದಲೂ ರಿಯಾಯಿತಿಯಿದೆ. ದೇವಸ್ಥಾನದಲ್ಲಿ ಯಾರೂ ಅಂಗಿ ತೆಗೆಸಿ ಚೀಲ ನೋಡಬೇಕಾಗಿಲ್ಲ. ಅಂಗಿ ತೆಗೆಯಲೇಬೇಕಾದ ಕಡೆ ಶಾಲು ಸಾಕು. ಇದನ್ನು ಉಸ್ತಾದರು, ಅರ್ಚಕರು ತಾವಾಗಿ ಒಮ್ಮೆ ಹೇಳಿದರೆ ಎಷ್ಟೋ ಮಂದಿ ಮನೆಯಿಂದ ಹೊರಗೆ ಬಂದಾರು.

ಚೀಲ ತೆಗೆದು ಕರುಳು ಜೋಡಿಸಿದವರಿಗೆ ಬೇರೆ ಕಷ್ಟ. ಗುದನಾಳದ ಕೆಲಸ ಹಿಡಿದಿಟ್ಟುಕೊಳ್ಳುವುದು, ಏತಡ್ಕದ ತೋಡಿಗೆ ವರ್ಷವರ್ಷ ಕಟ್ಟುವ ಕಟ್ಟದ ಹಾಗೆ. ಕಟ್ಟ ತೆಗೆದರೆ ನೀರು ಬಂದದ್ದು ಬಂದ ಹಾಗೆಯೇ ಹರಿಯುತ್ತದೆ. ದಿನಕ್ಕೆ ಎಂಟು ಹತ್ತು ಸಲ, ಒಮ್ಮೆ ಹೋಗಿ ಬಂದ ಹತ್ತು ನಿಮಿಷಕ್ಕೆ ಮತ್ತೊಮ್ಮೆ, ಕೆಲವೊಮ್ಮೆ ತಡೆಯಲಾಗದೆ ಬಟ್ಟೆಯಲ್ಲೇ. ವೈದ್ಯರು ಇದನ್ನು ‘ಲಾರ್ಸ್’ ಎನ್ನುತ್ತಾರೆ. ಒಂದೆರಡು ವರ್ಷದಲ್ಲಿ ಹೆಚ್ಚಿನವರಿಗೆ ಸುಧಾರಿಸುತ್ತದೆ. ಶ್ರೋಣಿಯ ಸ್ನಾಯುಗಳ ವ್ಯಾಯಾಮ, ಲೋಪೆರಮೈಡ್ ಮಾತ್ರೆ, ಇಸಬಗೋಲು, ನೀರು ಹಾಯಿಸಿ ಕರುಳು ಖಾಲಿ ಮಾಡುವ ವಿಧಾನ, ಹೀಗೆ ದಾರಿಗಳಿವೆ. ಆದರೆ ಇದು ಹೆಸರಿರುವ, ಮದ್ದಿರುವ ತೊಂದರೆ ಎಂದೇ ಹಲವರಿಗೆ ಗೊತ್ತಿಲ್ಲ. ‘ಜೀವ ಉಳಿಯಿತಲ್ಲ, ಇನ್ನೇನು’ ಎಂಬ ಮಾತಿಗೆ ಹೆದರಿ ಸುಮ್ಮನಾಗುತ್ತಾರೆ. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್. ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ ಎಂಬುದನ್ನು ಲೆಕ್ಕ ಹಾಕಿಕೊಂಡೇ ಬಸ್ಸು ಹತ್ತುವ ಬದುಕು ಅದು.

ಕೀಮೋದ ಆಕ್ಸಾಲಿಪ್ಲಾಟಿನ್ ಎಂಬ ಔಷಧ ನರಗಳನ್ನು ಹಿಡಿಯುತ್ತದೆ. ನನ್ನ ಹತ್ತಿರದ ಬಂಧುವೊಬ್ಬಳಿಗೆ ಈ ಚಿಕಿತ್ಸೆಯಾಯಿತು. ಎರಡನೇ ಸುತ್ತು ಮುಗಿಸಿ ಮನೆಗೆ ಬಂದ ಸಂಜೆ ಅತ್ತೆ ಪ್ರೀತಿಯಿಂದ ಫ್ರಿಜ್ಜಿನ ಮಜ್ಜಿಗೆಯನ್ನು ಸ್ಟೀಲ್ ಲೋಟದಲ್ಲಿ ತಂದುಕೊಟ್ಟರು. ಲೋಟ ಮುಟ್ಟಿದವಳೇ ಕರೆಂಟು ಹೊಡೆದಂತೆ ಕೈ ಎಳೆದುಕೊಂಡಳು. ಮಜ್ಜಿಗೆ ನೆಲಕ್ಕೆ ಚೆಲ್ಲಿತು, ಅತ್ತೆಗೆ ಗಾಬರಿ. ತಣ್ಣಗಿನದ್ದು ಮುಟ್ಟಬಾರದು, ಕುಡಿಯಬಾರದು ಎಂದು ಮನೆಯವರಿಗೆ ಯಾರೂ ಹೇಳಿರಲಿಲ್ಲ. ಆ ಚುಚ್ಚು ಕೆಲವು ದಿನಕ್ಕೆ ಇಳಿಯುತ್ತದೆ. ಬೆರಳ ತುದಿ, ಅಂಗಾಲಿನ ಜೋಮು ಮಾತ್ರ ಎಷ್ಟೋ ಮಂದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೆರಳಿಗೆ ಸ್ಪರ್ಶ ತಿಳಿಯದೆ ಬೀಡಿ ಕಟ್ಟುವುದು ಹೇಗೆ, ಅಡಿಕೆ ಸುಲಿಯುವುದು ಹೇಗೆ? ಕತ್ತಲಲ್ಲಿ ಎದ್ದು ರಬ್ಬರ್ ಟ್ಯಾಪಿಂಗಿಗೆ ಹೋಗುವವನಿಗೆ ಕಾಲಡಿಯ ಮುರಕಲ್ಲು ಗೊತ್ತಾಗದಿದ್ದರೆ? ಇದಕ್ಕೆ ಸಂಬಂಧಿಸಿ ಒಂದು ಒಳ್ಳೆಯ ಸುದ್ದಿಯಿದೆ. ಮೂರನೇ ಹಂತದಲ್ಲಿಯೂ ಅಪಾಯ ಕಡಿಮೆಯಿರುವ ಹಲವರಿಗೆ ಆಕ್ಸಾಲಿಪ್ಲಾಟಿನ್ ಸೇರಿದ ಕೇಪ್‌ಆಕ್ಸ್ ಕೀಮೋ ಆರು ತಿಂಗಳ ಬದಲು ಮೂರು ತಿಂಗಳು ಸಾಕೆಂದು 2018ರಲ್ಲಿ ಪ್ರಕಟವಾದ ‘ಐಡಿಯಾ’ ಅಧ್ಯಯನ ತೋರಿಸಿತು. ನರಗಳ ಹಾನಿಯೂ ಅದರಿಂದ ಬಹಳ ಕಡಿಮೆ. ‘ನನಗೆ ಮೂರು ತಿಂಗಳು ಸಾಕಾಗುತ್ತದಾ?’ ಎಂದು ವೈದ್ಯರನ್ನು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ಮಕ್ಕಳ ವಿಷಯವನ್ನು ಚಿಕಿತ್ಸೆಗೆ ಮೊದಲೇ ಮಾತಾಡಬೇಕು, ಆಮೇಲೆ ಮಾತಾಡಿ ಪ್ರಯೋಜನ ಕಡಿಮೆ. ಗುದನಾಳದ ಗಡ್ಡೆಗೆ ಕೊಡುವ ರೇಡಿಯೇಷನ್ ಹೆಂಗಸರ ಅಂಡಾಶಯವನ್ನು ನಿಲ್ಲಿಸಿಬಿಡಬಹುದು, ಗರ್ಭಕೋಶಕ್ಕೂ ಪೆಟ್ಟು. ಗಂಡಸರು ಒಂದೆರಡು ದಿನದಲ್ಲಿ ವೀರ್ಯ ಶೇಖರಿಸಿಡಬಹುದು. ಹೆಂಗಸರಿಗೆ ಅಂಡಾಣು ಶೇಖರಣೆಗೆ ಸುಮಾರು ಎರಡು ವಾರ ಬೇಕು. ಅಂಡಾಶಯವನ್ನು ರೇಡಿಯೇಷನ್ ದಾರಿಯಿಂದ ಮೇಲಕ್ಕೆ ಸರಿಸಿ ಹೊಲಿಯುವ ಆಪರೇಷನ್ನೂ ಇದೆ. ಆಪರೇಷನ್ನಿನಲ್ಲಿ ನರಕ್ಕೆ ಪೆಟ್ಟಾದರೆ ಗಂಡಸರಿಗೆ ನಿಮಿರುವಿಕೆಯ ತೊಂದರೆ, ರೇಡಿಯೇಷನ್ನಿನಿಂದ ಹೆಂಗಸರಿಗೆ ಯೋನಿಯ ಒಣಗುವಿಕೆ, ಸಂಕೋಚ. ಎರಡಕ್ಕೂ ಚಿಕಿತ್ಸೆಯಿದೆ. ಅವಿವಾಹಿತ ಹುಡುಗಿಯ ಎದುರು ಈ ಮಾತನ್ನು ಎತ್ತಬಾರದು ಎಂದು ಅಪ್ಪ ಅಮ್ಮ ವೈದ್ಯರಿಗೇ ಕಣ್ಸನ್ನೆ ಮಾಡುವುದುಂಟು. ಅದರ ಬೆಲೆ ತೆರುವವಳು ಆಕೆ. ಸಂಬಂಧ ನೋಡುವಾಗ ರೋಗ ಮುಚ್ಚಿಡುವುದೂ ಹೀಗೆಯೇ. ಮುಚ್ಚಿಟ್ಟು ಮದುವೆಯಾದವರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಹೋಗಲು ಸುಳ್ಳು ಹೇಳಬೇಕಾಗುತ್ತದೆ, ಕೊನೆಗೆ ಹೋಗುವುದನ್ನೇ ಬಿಡುತ್ತಾರೆ.

ಬಿಡಬಾರದು. ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ರೋಗ ಮರಳಿದ ಸುಳಿವು ಕೊಡುವ ಸಿಇಎ ರಕ್ತಪರೀಕ್ಷೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸಿಟಿ ಸ್ಕ್ಯಾನ್, ಆಪರೇಷನ್ ಆದ ಒಂದು ವರ್ಷಕ್ಕೆ ಕೊಲೊನೊಸ್ಕೋಪಿ, ಅದು ಸರಿಯಿದ್ದರೆ ಮೂರು ವರ್ಷಕ್ಕೆ, ಆಮೇಲೆ ಐದು ವರ್ಷಕ್ಕೆ. ರೋಗ ಮರಳುವುದಿದ್ದರೆ ಬಹುತೇಕ ಮೊದಲ ಮೂರು ವರ್ಷಗಳಲ್ಲಿ, ಮತ್ತು ಆಗ ಸಿಕ್ಕಿದರೆ ಯಕೃತ್ತಿನ ಗಡ್ಡೆಯನ್ನೂ ಕತ್ತರಿಸಿ ತೆಗೆದು ಗುಣಪಡಿಸುವ ಅವಕಾಶವಿದೆ. ಇನ್ನೊಂದು ಮದ್ದು ನಡಿಗೆ. 2025ರ ಜೂನಿನಲ್ಲಿ ಪ್ರಕಟವಾದ ‘ಚಾಲೆಂಜ್’ ಅಧ್ಯಯನದಲ್ಲಿ ಕೀಮೋ ಮುಗಿಸಿದ 889 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮೂರು ವರ್ಷ ತರಬೇತುದಾರರ ನಿಗಾದಲ್ಲಿ ವ್ಯಾಯಾಮ, ಉಳಿದವರಿಗೆ ಸಲಹೆಯ ಪುಸ್ತಿಕೆ ಮಾತ್ರ. ಎಂಟು ವರ್ಷದ ಬಳಿಕ ವ್ಯಾಯಾಮದ ಗುಂಪಿನಲ್ಲಿ ಶೇ. 90.3 ಮಂದಿ ಬದುಕಿದ್ದರು, ಇನ್ನೊಂದರಲ್ಲಿ ಶೇ. 83.2. ಇಷ್ಟು ಕೊಡುವ ಮಾತ್ರೆಯನ್ನು ಯಾವುದಾದರೂ ಕಂಪೆನಿ ಕಂಡುಹಿಡಿದಿದ್ದರೆ ಊರೆಲ್ಲ ಮಾತಾಗುತ್ತಿತ್ತು.

ಎರಡು ರಾಜ್ಯಗಳ ನಡುವೆ ಒಂದು ಫೈಲು

ಮಂಜೇಶ್ವರದವರಿಗೆ ಮಂಗಳೂರು ಅರ್ಧ ಗಂಟೆ. ಸರಕಾರಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇರುವ ತಲಶ್ಶೇರಿ ಕಾಸರಗೋಡು ಪೇಟೆಯಿಂದಲೇ ನೂರು ಕಿಲೋಮೀಟರಿಗೂ ಮೇಲೆ. ಭಾಷೆ, ನೆಂಟಸ್ತಿಕೆ, ಬಸ್ಸು ಎಲ್ಲವೂ ಮಂಗಳೂರಿಗೆ ಎಳೆಯುತ್ತವೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಕೇರಳದ್ದು. ಆಯುಷ್ಮಾನ್ ಭಾರತ್ ಯೋಜನೆ ರಾಜ್ಯದಿಂದ ರಾಜ್ಯಕ್ಕೆ ನಡೆಯುವಂತೆ ರೂಪಿಸಿದ್ದೇನೋ ಹೌದು, ಆದರೆ ಆ ಆಸ್ಪತ್ರೆ ಪಟ್ಟಿಯಲ್ಲಿರಬೇಕು, ಆ ಚಿಕಿತ್ಸೆಗೆ ಪೂರ್ವಾನುಮತಿ ಸಿಗಬೇಕು. ಹೀಗಾಗಿ ಆಪರೇಷನ್ ಒಂದು ಕಡೆ, ಕೀಮೋ ಇನ್ನೊಂದು ಕಡೆ ಆದವರ ಕಾಗದಗಳು ಎರಡು ಫೈಲುಗಳಲ್ಲಿ ಹರಿದುಹೋಗುತ್ತವೆ. 2020ರ ಲಾಕ್‌ಡೌನಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿಗೆ ತಲುಪಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತರು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ, 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ರೈಲಿನಲ್ಲಿ ಹೋಗುವವರು ಒಂದು ತಿಳಿದಿರಿ: ಚಿಕಿತ್ಸೆಗೆ, ಮರುತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ನನ್ನ ಬೇಡಿಕೆ ಹೊಸ ಕಟ್ಟಡದ್ದಲ್ಲ. ಕೇರಳದಲ್ಲಿ ಪಾಲಿಯೇಟಿವ್ ಆರೈಕೆಯ (ನೋವು, ಸಂಕಟ ತಗ್ಗಿಸುವ ಆರೈಕೆಯ) ಜಾಲ 1993ರಲ್ಲಿ ಕೋಝಿಕ್ಕೋಡಿನಲ್ಲಿ ಚಿಗುರಿ, 2008ರಲ್ಲಿ ಸರಕಾರದ ನೀತಿಯಾಗಿ ಪಂಚಾಯತುಗಳಿಗೆ ಇಳಿದದ್ದು. ಪೈವಳಿಕೆ, ಮೀಂಜ, ಬೆಳ್ಳೂರು, ಎಲ್ಲಿ ಹೋದರೂ ಮನೆಗೆ ಬರುವ ನರ್ಸ್ ಇದ್ದಾರೆ. ಅವರು ಬರುವುದು ಹಾಸಿಗೆ ಹಿಡಿದವರ ಮನೆಗೆ. ಎದ್ದು ಓಡಾಡುವ ಮೂವತ್ತರ ಹುಡುಗನ ಮನೆಗೆ ಅವರು ಬರುವುದೆಂದರೆ ಕೊನೆಗಾಲ ಬಂತೆಂದು ನೆರೆಹೊರೆ ತಿಳಿಯುತ್ತದೆ, ಹಾಗಾಗಿ ಅವನೂ ಕರೆಯುವುದಿಲ್ಲ. ಆ ನರ್ಸಿಗೇ ಸ್ಟೋಮಾ ನೋಡಿಕೊಳ್ಳುವ ತರಬೇತಿ ಕೊಡಿ. ತಿಂಗಳಿಗೊಂದು ದಿನ ಬದಿಯಡ್ಕದಲ್ಲೋ ಮಂಜೇಶ್ವರದಲ್ಲೋ ಚಿಕಿತ್ಸೆ ಮುಗಿದವರಿಗೆಂದೇ ಕ್ಲಿನಿಕ್ ಇರಲಿ. ಚೀಲ, ಅಂಟು ಅಲ್ಲಿಯೇ ಸಿಗಲಿ, ಸಿಇಎಗೆ ರಕ್ತ ಅಲ್ಲಿಯೇ ತೆಗೆಯಲಿ.

ಅಲ್ಲಿಗೆ ಬರುವವರ ಕೈಯಲ್ಲಿ ಒಂದು ಹಾಳೆ ಇರಬೇಕು. ಯಾವ ಹಂತದ ಗಡ್ಡೆ, ಯಾವ ದಿನ ಯಾವ ಆಪರೇಷನ್, ಎಷ್ಟು ಸುತ್ತು ಯಾವ ಕೀಮೋ, ಎಂಎಂಆರ್ ಪರೀಕ್ಷೆಯ ಫಲಿತಾಂಶ, ಮುಂದಿನ ಸ್ಕ್ಯಾನ್ ಮತ್ತು ಕೊಲೊನೊಸ್ಕೋಪಿಯ ತಿಂಗಳು. ಕೆಳಗೆ ಒಡಹುಟ್ಟಿದವರಿಗೆ, ಮಕ್ಕಳಿಗೆ ತಪಾಸಣೆ ಶುರು ಮಾಡಬೇಕಾದ ಪ್ರಾಯ: ನಲವತ್ತು, ಅಥವಾ ರೋಗಿಗೆ ಪತ್ತೆಯಾದ ಪ್ರಾಯಕ್ಕಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಅದು. ಮೂವತ್ತೆರಡರಲ್ಲಿ ರೋಗ ಬಂದ ಅಣ್ಣನ ತಮ್ಮನಿಗೆ ಇಪ್ಪತ್ತೆರಡಕ್ಕೇ. ಲಿಂಚ್ ಅಥವಾ ಎಫ್ಎಪಿ ಖಚಿತವಾದ ಮನೆಯಲ್ಲಿ ಅದಕ್ಕಿಂತಲೂ ಮುಂಚೆ ಬೇಕಾಗಬಹುದು. ಈ ಹಾಳೆಯನ್ನು ಮಂಗಳೂರಿನ ವೈದ್ಯರು ಬರೆದರೂ ತಲಶ್ಶೇರಿಯವರು ಬರೆದರೂ ಇನ್ನೊಬ್ಬರಿಗೆ ಓದಲು ಬರುವಂತಿರಬೇಕು, ರೋಗಿಗೆ ಅರ್ಥವಾಗುವಂತಿರಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ. ನಮ್ಮ ಪಂಚಾಯತುಗಳು ಆರೋಗ್ಯ ಇಲಾಖೆಗೆ ಕನ್ನಡದಲ್ಲೇ ಅರ್ಜಿ ಬರೆದು, ಆ ಹಾಳೆ ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚಾಗಿ ಬರಬೇಕೆಂದು ಕೇಳಲಿ. ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆಗಳು ಸೇರುವಾಗ ಈ ಮಾತು ಎತ್ತಲು ಒಬ್ಬರು ಸಾಕು.